ಸೀಳು ಅಂಗುಳದ ಆಪರೇಷನ್ ಆಗಿದೆ, ಮಗ ಇನ್ನೂ ಮೂಗಲ್ಲೇ ಮಾತಾಡ್ತಾನೆ. ಬಲೂನು ಊದಿಸಿದರೆ ಸಾಕಾ?

ಹಾಸನದ ಅಮ್ಮ:
ಮಗನಿಗೆ ಎರಡೂವರೆ ವರ್ಷ. ಹುಟ್ಟುವಾಗಲೇ ಅಂಗುಳ ಸೀಳಿತ್ತು. ಹಾಲು ಮೂಗಿಗೆ ಬರುತ್ತಿತ್ತು, ಒಳಲೆಯಲ್ಲೇ ಕುಡಿಸಿ ಬೆಳೆಸಿದೆವು. ವರ್ಷ ತುಂಬಿದ ಮೇಲೆ ಆಪರೇಷನ್ ಆಯ್ತು, ಊಟ ಈಗ ಸಲೀಸು. ಆದರೆ ಮಾತು ಮೂಗಿನಲ್ಲೇ. ನನಗೂ "ಅಮ್ಮ", ಅವರಪ್ಪನಿಗೂ "ಅಮ್ಮ". ಕ, ಗ ಬರಬೇಕಾದ ಕಡೆ ಗಂಟಲಲ್ಲಿ ಏನೋ ಹಿಡಿದು ಬಿಟ್ಟ ಹಾಗೆ ಸದ್ದು. ಅತ್ತೆ ತಾನೇ ಸರಿಹೋಗುತ್ತೆ ಅಂತಾರೆ. ಪಕ್ಕದ ಮನೆಯವರು ಬಲೂನು, ಪೀಪಿ ಊದಿಸಿ ಅಂತಾರೆ. ಏನು ಮಾಡಲಿ?

ಸ್ಪೀಚ್ ಥೆರಪಿಸ್ಟ್, ಮೈಸೂರು:
ಕಾಯಬೇಡಿ ಮೇಡಂ, ಈಗಲೇ ಥೆರಪಿ ಶುರು ಮಾಡಿ. ಬಲೂನನ್ನು ಆಟಕ್ಕೆ ಊದಲಿ, ಆದರೆ ಅದರಿಂದ "ಪ" ಬರಲ್ಲ. ಪ, ಬ, ತ, ದ, ಕ, ಗ ಹೇಳೋಕೆ ಬಾಯೊಳಗೆ ಗಾಳಿ ಒತ್ತಿ ನಿಲ್ಲಬೇಕು. ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ಮಾತ್ರ ಅದು ನಿಲ್ಲುತ್ತೆ. ಮೊದಲು ಗಾಳಿ ಸೋರುತ್ತಿತ್ತು, ಹಾಗಾಗಿ ಮಗು ಗಂಟಲಲ್ಲೇ ತಡೆದು ಮಾತಾಡೋದು ಕಲಿತಿದೆ. ಆಪರೇಷನ್ ಆದರೂ ಆ ರೂಢಿ ತಾನಾಗಿ ಹೋಗೋದು ಕಷ್ಟ.

ಮನೆಯಲ್ಲಿ "ಪಪಪ" ಅನ್ನುವಾಗ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯಿರಿ, ಮಾತು ಮುಗಿದ ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ಅವನ ಉಸಿರಿಗೇ ಮಸುಕಾಗುತ್ತೆ. ಹೇಳುವಾಗಲೇ ಮಸುಕಾದರೆ ಗಾಳಿ ಮೂಗಿಗೆ ಹೋಗ್ತಿದೆ ಅಂತ. ಆಮೇಲೆ ಮೂಗನ್ನು ಮೆತ್ತಗೆ ಹಿಡಿದು "ಪಪ" ಅನ್ನಿಸಿ, ತುಟಿಯಲ್ಲಿ ಗಾಳಿ ಒಡೆಯೋದು ಅವನಿಗೇ ಗೊತ್ತಾಗುತ್ತೆ. ಥೆರಪಿ ಆದ ಮೇಲೂ ಸೋರುತ್ತಿದ್ದರೆ ಸರ್ಜನ್ ಮತ್ತೆ ನೋಡಬೇಕು. ಕಿವಿ ಪರೀಕ್ಷೆ ಮರೆಯಬೇಡಿ, ಈ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬಿ ಕೇಳೋದು ಮಂದವಾಗೋದು ಜಾಸ್ತಿ.

ದಾವಣಗೆರೆ ತಾಯಿ:
ನನ್ನ ಮಗಳಿಗೂ ಇದೇ ಇತ್ತು, ಈಗ ಅವಳು ಶಾಲೆಯಲ್ಲಿ ಪದ್ಯ ಹೇಳ್ತಾಳೆ, ಟೀಚರಿಗೆ ಎಲ್ಲಾ ಅರ್ಥ ಆಗುತ್ತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ಹೋಗಿ, ಆನ್‌ಲೈನ್ ಥೆರಪಿ ಬಗ್ಗೆಯೂ ಅಲ್ಲೇ ಕೇಳಿ. ಹತ್ತಿರ ಬೇಕಂದ್ರೆ ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರೋ ಸರ್ಕಾರಿ ಆರ್‌ಬಿಎಸ್‌ಕೆ ಡಾಕ್ಟರ ಹತ್ತಿರ ಹೇಳಿ, ಜಿಲ್ಲಾ ಆಸ್ಪತ್ರೆಗೆ ಬರೆದುಕೊಡ್ತಾರೆ. ನಾವು ಸ್ನಾನ ಮಾಡಿಸುವಾಗ "ಬಕೆಟ್", ಅಡುಗೆಮನೆಯಲ್ಲಿ "ಪಾತ್ರೆ", ಹೀಗೆ ಐದೈದು ನಿಮಿಷ ದಿನಕ್ಕೆ ನಾಲ್ಕಾರು ಸಲ ಮಾಡಿಸ್ತಿದ್ವಿ. ನೆಂಟರ ಮುಂದೆ ಮಾತ್ರ "ಸರಿಯಾಗಿ ಹೇಳು" ಅಂತ ಒತ್ತಾಯ ಮಾಡಬೇಡಿ, ಮಗು ಬಾಯೇ ಬಿಡಲ್ಲ.

ಹೊಸ ಅಪ್ಪ:
ನಮ್ಮ ಕೂಸಿಗೆ ಇನ್ನೂ ತಿಂಗಳಾಗಿಲ್ಲ, ಇದೇ ಸಮಸ್ಯೆ. ಒಂದು ಸಲ ಹಾಲು ಕುಡಿಸೋಕೆ ಗಂಟೆ ಹಿಡಿಯುತ್ತೆ. ಗ್ರಹಣದಲ್ಲಿ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯ್ತು ಅಂತ ಎಲ್ಲರೂ ನನ್ನ ಹೆಂಡತಿಯನ್ನೇ ಅಂತಿದ್ದಾರೆ.

ಸ್ಪೀಚ್ ಥೆರಪಿಸ್ಟ್, ಮೈಸೂರು:
ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಸರ್. ಗರ್ಭದ ಮೊದಲ ಮೂರು ತಿಂಗಳಲ್ಲಿ ಅಂಗುಳದ ಎರಡು ಬದಿ ಕೂಡಿಕೊಳ್ಳಬೇಕು, ಅದು ಕೂಡಿಲ್ಲ. ನಿಮ್ಮ ಹೆಂಡತಿ ಮಾಡಿದ್ದು ಏನೂ ಇಲ್ಲ, ಅಂದವರಿಗೆ ನೀವೇ ಹೇಳಿ. ಕೂಸನ್ನು ಮಲಗಿಸಿ ಕುಡಿಸಬೇಡಿ, ತಲೆ ಎತ್ತರಕ್ಕಿರಲಿ. ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಅಥವಾ ಒತ್ತಿದರೆ ಹಾಲು ಬರೋ ಮೆತ್ತನೆ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ನಡುನಡುವೆ ತೇಗಿಸಿ. ಅರ್ಧ ಗಂಟೆ ದಾಟಿದರೆ ಕುಡಿದ ಶಕ್ತಿಯೆಲ್ಲ ಕುಡಿಯೋದಕ್ಕೇ ಖರ್ಚಾಗುತ್ತೆ. ವಾರಕ್ಕೊಮ್ಮೆ ತೂಕ ನೋಡಿ. ಏರದಿದ್ದರೆ ಮುಂದಿನ ಚುಚ್ಚುಮದ್ದಿನ ತನಕ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕುಡಿಯುವಾಗ ಉಸಿರುಗಟ್ಟಿದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.