ಥಾರಿನ ಹಿಂಬದಿ ವಿಚಾರ

ಮೂಡಿಗೆರೆ ಕಡೆಯ ಒಂದು ವೆಲ್ಡಿಂಗ್ ಶಾಪು. ಮಳೆಗೆ ಕರೆಂಟ್ ಹೋಗಿದೆ, ಹಾಗಾಗಿ ಮಾತಿಗೆ ಪುರಸೊತ್ತಿದೆ. ರಂಗಣ್ಣ ಶಾಪಿನ ಯಜಮಾನ, ಗೌಡ್ರು ಕಾಫಿ ತೋಟದವರು, ಸತೀಶ ಬೆಂಗಳೂರಿನವನು, ಮೂರು ಬಾಗಿಲಿನ ಮಹೀಂದ್ರಾ ಥಾರ್ ಜೀಪು ತಗೊಂಡವನು.

ಸತೀಶ: ರಂಗಣ್ಣ, ಹಿಂದಿನ ಪ್ಲಾಸ್ಟಿಕ್ ಬಂಪರ್ ಕಿತ್ತು 5 ಮಿ.ಮೀ. ಕಬ್ಬಿಣದ ಪ್ಲೇಟಿಂದು ಕೂರಿಸಿಬಿಡಿ. ಆನೆ ಗುದ್ದಿದರೂ ಏನೂ ಆಗಬಾರದು.

ಗೌಡ್ರು: ಗುದ್ದೋ ಆನೆ ಬಂಪರ್ ಎಲ್ಲಿದೆ ಅಂತ ಹುಡುಕಿಕೊಂಡು ಹಿಂದಕ್ಕೆ ಬರುತ್ತಾ ಮಾರಾಯ?

ರಂಗಣ್ಣ: ಪ್ಲಾಸ್ಟಿಕ್ ಅಂತ ತಾತ್ಸಾರ ಬೇಡ. ಸಣ್ಣ ಏಟಿಗೆ ಅದು ಬಾಗುತ್ತೆ, ವಾಪಸ್ ಬರುತ್ತೆ. ದೊಡ್ಡ ಏಟಿಗೆ ಕ್ಲಿಪ್ ಮುರಿದು ಕೈಗೆ ಬರುತ್ತೆ. ಕಬ್ಬಿಣದ್ದಕ್ಕೆ ಜೋರಾಗಿ ತಾಗಿದರೆ ಏಟು ನೇರ ಚಾಸಿಯ, ಅಂದ್ರೆ ಗಾಡಿ ಹೊತ್ತ ಚೌಕಟ್ಟಿನ, ತುದಿಗೆ ಹೋಗುತ್ತೆ. ಬಂಪರಿಗೆ ಗೀರೂ ಬಿದ್ದಿಲ್ಲ ಅಂತ ನೀನು ಕುಣೀತಿರ್ತೀಯ, ಒಳಗೆ ಚಾಸಿ ಸೊಟ್ಟಗಾಗಿರುತ್ತೆ.

ಸತೀಶ: ಆದರೂ ಗಟ್ಟಿ ಅಂದ್ರೆ ಗಟ್ಟಿ ಅಲ್ವಾ?

ರಂಗಣ್ಣ ಚಾಕ್‌ಪೀಸ್ ತಗೊಂಡು ನೆಲದ ಮೇಲೆ ಲೆಕ್ಕ ಶುರು ಮಾಡಿದ. ರಂಗಣ್ಣ ಚಾಕ್‌ಪೀಸ್ ಹಿಡಿದರೆ ಗಿರಾಕಿ ಸೋತ ಅಂತಲೇ ಅರ್ಥ.

ರಂಗಣ್ಣ: ಒಂದು ಚದರ ಮೀಟರ್ ಎಂಎಸ್ ಶೀಟು, ಅಂದ್ರೆ ಮಾಮೂಲಿ ಉಕ್ಕಿನ ಹಾಳೆ, 3 ಮಿ.ಮೀ. ಆದರೆ ಇಪ್ಪತ್ಮೂರೂವರೆ ಕೆ.ಜಿ., 5 ಮಿ.ಮೀ. ಆದರೆ 39 ಕೆ.ಜಿ. ಬಂಪರ್ ಉದ್ದ 1.6 ಮೀಟರ್, ಮಡಿಕೆ ಬಿಡಿಸಿದರೆ ಅಗಲ 55 ಸೆಂ.ಮೀ. ಅಂತಿಟ್ಕೋ. ನಿನ್ನ 5 ಮಿ.ಮೀ.ಗೆ ಬರೀ ಚಿಪ್ಪೇ 34 ಕೆ.ಜಿ. ದಾಟಿತು. ಬ್ರಾಕೆಟ್ಟು, ಮೂಲೆಗೆ ಆಸರೆ ಕೊಡೋ ಗಸೆಟ್ಟು, ಹುಕ್ಕು ಸೇರಿ 45. ಅದನ್ನು ಹಿಂದಿನ ಚಕ್ರಗಳ ಆಕ್ಸಲ್‌ಗಿಂತ 70 ಸೆಂ.ಮೀ. ಆಚೆ ನೇತುಹಾಕ್ತೀಯ. ಥಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) 2,450 ಮಿ.ಮೀ. ಹಾಗಾಗಿ ಹಿಂದಿನ ಆಕ್ಸಲ್ ಮೇಲೆ ಬೀಳೋದು 45 ಅಲ್ಲ, 58 ಕೆ.ಜಿ. ಮುಂದಿನ ಆಕ್ಸಲ್ 13 ಕೆ.ಜಿ. ಹಗುರ.

ಗೌಡ್ರು: ಏತದ ಹಾಗೆ. ಹಿಂದೆ ಕೂತವ ಮುಂದಿನವನನ್ನು ಎತ್ತಿಬಿಡ್ತಾನೆ.

ರಂಗಣ್ಣ: ಹೌದು. ಕಡಿದಾದ ಏರಲ್ಲಿ ಮುಂದಿನ ಟೈರಿಗೆ ಹಿಡಿತ ಬೇಕಾದ ಹೊತ್ತಿಗೇ ಭಾರ ಕಮ್ಮಿ. ಹಿಂದಿನ ಸ್ಪ್ರಿಂಗ್ ಕೂರುತ್ತೆ, ರಾತ್ರಿ ಹೆಡ್‌ಲೈಟ್ ಆಕಾಶ ನೋಡುತ್ತೆ. ಅದಕ್ಕೇ ನಾನು ಚಿಪ್ಪಿಗೆ 3 ಮಿ.ಮೀ. ಸಾಕು ಅನ್ನೋದು. ದಪ್ಪ ಬೇಕಾಗಿರೋದು ಚಾಸಿಗೆ ಕೂರುವ ಬ್ರಾಕೆಟ್‌ಗೆ, 6 ಮಿ.ಮೀ. ಪೇಟೆಯಲ್ಲಿ ಅದು ಉಲ್ಟಾ. ಕಾಣೋ ಕಡೆ ದಪ್ಪ, ಕಾಣದ ಕಡೆ ರೇಕು.

ಗೌಡ್ರು: ಇನ್ನು ಹಳ್ಳದಿಂದ ಹತ್ತುವಾಗ ಹಿಂಭಾಗ ಉಜ್ಜೋ ವಿಷಯ ಹೇಳು.

ರಂಗಣ್ಣ: ಡಿಪಾರ್ಚರ್ ಆಂಗಲ್, ಅಂದ್ರೆ ಹಿಂಭಾಗ ತಾಗದೆ ದಾಟಬಹುದಾದ ಓರೆ. ಥಾರಿಗೆ ಕಂಪನಿ ಕೊಟ್ಟಿರೋದು 37 ಡಿಗ್ರಿ ಹತ್ತಿರ. ಟೈರ್ ನೆಲ ಮುಟ್ಟೋ ಜಾಗದಿಂದ ಬಂಪರಿನ ಕೆಳ ಅಂಚಿಗೆ ಗೆರೆ ಎಳಿ. ಅಂಚು 60 ಸೆಂ.ಮೀ. ಹಿಂದೆ, 45 ಎತ್ತರ ಇದ್ದರೆ 37 ಡಿಗ್ರಿ ಬರುತ್ತೆ. ಅದೇ ಎತ್ತರದಲ್ಲಿ ಬಂಪರ್ 8 ಸೆಂ.ಮೀ. ಹೊರಗೆ ಬಂತೋ, ಮೂರೂವರೆ ಡಿಗ್ರಿ ಹೋಯ್ತು. ಹೊರಗೆ ತರದೆ ಅಂಚನ್ನು 5 ಸೆಂ.ಮೀ. ಮೇಲೆತ್ತಿದರೆ ಸುಮಾರು 40 ಆಗುತ್ತೆ. ಚಂದಕ್ಕೆ ಅಂತ ಮೆಟ್ಟಿಲಿನಂಥ ಅಂಚು ಹೊರಗೆ ತಂದವರು ಜಾಸ್ತಿ ದುಡ್ಡು ಕೊಟ್ಟು ಕಂಪನಿ ಗಾಡಿಗಿಂತ ಕಮ್ಮಿ ಗಾಡಿ ಮಾಡ್ಕೊಂಡಿರ್ತಾರೆ. ಬರೀ ಮೂಲೆಗಳನ್ನು ಓರೆಯಾಗಿ ಮೇಲಕ್ಕೆ ಕತ್ತರಿಸಿದ ಡಿಸೈನ್ ಇದ್ದರೆ ಮಾತ್ರ ನಾನು ಒಪ್ಪೋದು. ಓರೆಯಾಗಿ ಇಳಿಯುವಾಗ ಮೊದಲು ತಾಗೋದು ಮೂಲೆಯೇ.

ಸತೀಶ: ಸರಿ, ಸಿಕ್ಕಿಹಾಕಿಕೊಂಡಾಗ ಎಳೆಯೋಕೆ ಹುಕ್ ಬೇಕಲ್ಲ? ಮಾರುತಿ ಜಿಮ್ನಿಗೂ ಒಬ್ಬ ಫ್ರೆಂಡ್ ಕಬ್ಬಿಣದ ಬಂಪರ್ ಹಾಕಿಸಿದ್ದಾನೆ.

ರಂಗಣ್ಣ: ಜಿಮ್ನಿಯಲ್ಲಿ ಹಿಂದಿನ ಲೈಟುಗಳೇ ಬಂಪರಲ್ಲಿ ಕೂತಿವೆ. ಬಂಪರ್ ಬದಲಾಯಿಸಿದರೆ ಬ್ರೇಕ್ ಲೈಟು, ಇಂಡಿಕೇಟರು, ವೈರಿಂಗು ಎಲ್ಲಾ ಮತ್ತೆ ಮಾಡಬೇಕು. ಥಾರ್ ಆ ಲೆಕ್ಕದಲ್ಲಿ ಸಲೀಸು. ಈಗ ಹುಕ್ ವಿಷಯ. ಬಂಪರಿನ ಚಿಪ್ಪಿಗೆ ಬೆಸುಗೆ ಹಾಕಿದ ಹುಕ್ ಹುಕ್ಕೇ ಅಲ್ಲ, ಅದು ಒಡವೆ. ಶಾಕಲ್ (ಹಗ್ಗ ಸಿಕ್ಕಿಸೋ ಯು ಆಕಾರದ ಕೊಂಡಿ) ಹಿಡಿಯೋ ಪಟ್ಟಿ 20 ಮಿ.ಮೀ. ದಪ್ಪ ಇರಬೇಕು, ಚಿಪ್ಪನ್ನು ತೂರಿ ಹಿಂದಿನ ಬ್ರಾಕೆಟ್‌ಗೆ ಎರಡೂ ಕಡೆ ಬೆಸುಗೆ ಆಗಿರಬೇಕು, ಬ್ರಾಕೆಟ್ ಚಾಸಿಗೆ ಬೋಲ್ಟ್ ಆಗಿರಬೇಕು. ಶಾಕಲ್ 19 ಮಿ.ಮೀ.ದು, 4.75 ಟನ್ ಅಂತ ಅಚ್ಚೊತ್ತಿದ್ದು. ಅದರ ಪಿನ್ 22 ಮಿ.ಮೀ., ತೂತು 24 ಇದ್ದರೆ ಸಾಕು. 30 ಹೊಡೆದರೆ ಪಿನ್ ಕುಣಿದು ತೂತು ಮೊಟ್ಟೆ ಆಕಾರಕ್ಕೆ ಬರುತ್ತೆ.

ಗೌಡ್ರು: ಟ್ರೇಲರ್ ಕಟ್ಟೋಕೆ ಹಿಂದೆ ಕಬ್ಬಿಣದ ಗುಂಡು ಇರುತ್ತಲ್ಲ, ನಮ್ಮ ಕಡೆ ಅದಕ್ಕೇ ಹಗ್ಗ ಸಿಕ್ಕಿಸ್ತಾರಲ್ಲ?

ರಂಗಣ್ಣ: ಅದನ್ನು ಯಾವತ್ತೂ ಮಾಡಬೇಡಿ ಗೌಡ್ರೇ. ಕೆಸರಿಂದ ಜರ್ಕ್ ಕೊಟ್ಟು ಎಳೆದಾಗ ಆ ಗುಂಡು ಕುತ್ತಿಗೆ ಮುರಿದು ಫಿರಂಗಿ ಗುಂಡಿನ ಕೆಲಸ ಮಾಡುತ್ತೆ. ಹಿಂದಿನ ಗಾಡಿಯ ಗಾಜು ತೂರಿ ಜೀವ ಹೋಗಿರೋದುಂಟು. ಗುಂಡು ಸಾವಕಾಶ ಟ್ರೇಲರ್ ಎಳೆಯೋಕಷ್ಟೇ.

ಸತೀಶ: ಬೋಲ್ಟ್ ಯಾಕೆ? ಚಾಸಿಗೇ ವೆಲ್ಡ್ ಹೊಡೆದುಬಿಡಿ, ಅಲ್ಲಾಡೋದೇ ಇಲ್ಲ.

ವೆಲ್ಡಿಂಗ್ ಶಾಪಿನ ಯಜಮಾನನಿಗೆ ವೆಲ್ಡಿಂಗ್ ಬೇಡ ಅನ್ನೋ ಯೋಗ ಅಪರೂಪಕ್ಕೆ ಬರುವಂಥದ್ದು. ರಂಗಣ್ಣ ಅದನ್ನು ಅನುಭವಿಸಿಯೇ ಹೇಳಿದ.

ರಂಗಣ್ಣ: ಚಾಸಿಗೆ ಬೆಂಕಿ ಮುಟ್ಟಿಸಬಾರದು. ಬೆಸುಗೆಯ ಪಕ್ಕದ ಉಕ್ಕಿನ ಗುಣ ಕೆಡುತ್ತೆ, ಆಮೇಲೆ ಅಲ್ಲಿಂದಲೇ ಬಿರುಕು. ಕಂಪನಿ ಕೊಟ್ಟ ತೂತುಗಳಿಗೇ 12 ಮಿ.ಮೀ. ದಪ್ಪದ (ಎಂ12), ಗಟ್ಟಿ ಉಕ್ಕಿನ 8.8 ಗ್ರೇಡ್ ಬೋಲ್ಟು, ದಪ್ಪ ವಾಷರು, ತಾನಾಗಿ ಬಿಚ್ಚಿಕೊಳ್ಳದ ನೈಲಾಕ್ ನಟ್ಟು. ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ 80 ನ್ಯೂಟನ್ ಮೀಟರ್. 500 ಕಿ.ಮೀ. ಆದ ಮೇಲೆ ಮತ್ತೆ ಪರೀಕ್ಷೆ, ಯಾಕಂದ್ರೆ ನಟ್ಟಿನ ಕೆಳಗೆ ಬಣ್ಣ ಒತ್ತಿಹೋಗಿ ಬಿಗಿ ಸಡಿಲ ಆಗಿರುತ್ತೆ. ಇನ್ನೊಂದು: ಬಾಡಿ ಕೂತಿರೋದು ರಬ್ಬರ್ ಬುಷ್ ಮೇಲೆ, ಬಂಪರ್ ಚಾಸಿ ಮೇಲೆ. ಗಾಡಿ ತಿರುಚಿದಾಗ ಎರಡೂ ಬೇರೆಬೇರೆ ಅಲ್ಲಾಡುತ್ತವೆ. ನಡುವೆ 12ರಿಂದ 15 ಮಿ.ಮೀ. ಸಂದು ಬಿಡದಿದ್ದರೆ ಬಂಪರ್ ನಿನ್ನ ಬಾಡಿಯನ್ನೇ ಕೆರೆಯುತ್ತೆ. ಸೈಲೆನ್ಸರ್ ಕೊಳವೆಗೆ ಒಂದಿಂಚು ಬಿಡು. ಸ್ಟೆಪ್ನಿ ಹೊತ್ತ ಹಿಂಬಾಗಿಲು ಪೂರ್ತಿ ತೆರೆಯುತ್ತಾ ಅಂತ ಬಣ್ಣ ಹೊಡೆಯೋ ಮುಂಚೆ ನೋಡು. ಆಮೇಲೆ ನೋಡೋರೇ ಜಾಸ್ತಿ.

ಸತೀಶ: ಪಾರ್ಕಿಂಗ್ ಸೆನ್ಸರ್?

ರಂಗಣ್ಣ: 2019ರ ಜುಲೈಯಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ, ಬಿಸಾಕೋ ಹಾಗಿಲ್ಲ. ಕಬ್ಬಿಣಕ್ಕೆ ನೇರ ಸಿಕ್ಕಿಸಿದರೆ ಕಂಪನಕ್ಕೆ ಸುಮ್ಮಸುಮ್ಮನೆ ಕೂಗುತ್ತೆ. ಸುತ್ತ ರಬ್ಬರ್ ಉಂಗುರ ಇರಬೇಕು, ಹಳೇ ಎತ್ತರ, ಹಳೇ ಓರೆ ಹಾಗೇ ಇರಬೇಕು, ಮುಖದ ಮೇಲೆ ದಪ್ಪ ಬಣ್ಣ ಬಳಿಯಬಾರದು.

ಗೌಡ್ರು: ಇಲ್ಲದಿದ್ದರೆ ಗಾಡಿ ತೋಟದ ಮೇಸ್ತ್ರಿ ಥರ, ಯಾರೂ ಇಲ್ಲದಿದ್ದರೂ ಬೈತಾ ಇರುತ್ತೆ. ಪೊಲೀಸಿನೋರು ಏನಂತಾರೆ?

ರಂಗಣ್ಣ: ಅಲ್ಲೇ ಇರೋದು ಮುಳ್ಳು. ಕ್ರಾಶ್ ಗಾರ್ಡ್ (ಗುದ್ದು ತಡೆಯೋಕೆ ಅಂತ ಗಾಡಿಗೆ ಹೊರಗಿಂದ ಹಾಕಿಸೋ ಕಬ್ಬಿಣದ ಕಂಬಿ) ವಿರುದ್ಧ 2017ರ ಡಿಸೆಂಬರಲ್ಲೇ ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಬಂದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಅಳತೆ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಖಾಸಗಿ ಟ್ರ್ಯಾಕಿಗೆ ಅಂತಲೇ ಇಟ್ಟ ಗಾಡಿಯ ಕತೆ ಬೇರೆ.

ಸತೀಶ: ಹಾಗಾದ್ರೆ ಕಬ್ಬಿಣದ ಬಂಪರ್ ಯಾರಿಗೆ ಬೇಕು ಸ್ವಾಮಿ?

ರಂಗಣ್ಣ: ಬಂಪರಿಗೇ ಕೊಟ್ಟು ಗಾಡಿ ಎತ್ತೋ ಉದ್ದನೆ ಹೈ-ಲಿಫ್ಟ್ ಜಾಕ್ ಬಳಸೋರಿಗೆ. ಪ್ಲಾಸ್ಟಿಕ್‌ಗೆ ಜಾಕ್ ಕೊಟ್ಟರೆ ಬಂಪರ್ ಮೇಲೆ ಹೋಗುತ್ತೆ, ಗಾಡಿ ಅಲ್ಲೇ ಇರುತ್ತೆ. ಆಮೇಲೆ 33 ಇಂಚಿನ ಟೈರ್ ಹಾಕಿದೋರಿಗೆ. ಅಷ್ಟು ಭಾರದ ಸ್ಟೆಪ್ನಿಗೆ ಬಾಗಿಲಿನ ಕೀಲು ಜಗ್ಗುತ್ತೆ, ಆಗ ಸ್ಟೆಪ್ನಿ ಹೊರೋಕೆ ಬಂಪರಿಗೇ ತಿರುಗೋ ತೋಳು ಬೇಕು. ಅದಕ್ಕೂ ಬುಷ್ ಸಾಲದು, ಟೇಪರ್ ಬೇರಿಂಗೇ ಹಾಕಬೇಕು. ಇಲ್ಲದಿದ್ದರೆ ವರ್ಷದೊಳಗೆ ಗಡಗಡ. ತುಕ್ಕಿನ ವಿಷಯ ಮರೆತೆ: ಪೊಳ್ಳು ಜಾಗದ ತಳದಲ್ಲಿ ನೀರು ಇಳಿಯೋಕೆ 10 ಮಿ.ಮೀ. ತೂತು, ಪೌಡರ್ ಕೋಟಿಂಗ್ ಕೆಳಗೆ ಜಿಂಕ್ ಪ್ರೈಮರ್. ಮಲೆನಾಡಿನ ಕೆಸರು ಒಳಗೆ ಕೂತರೆ ಒಂದೇ ಮಳೆಗಾಲ ಸಾಕು.

ಸತೀಶ: ನನಗೆ ಇದ್ಯಾವುದೂ ಇಲ್ಲ.

ರಂಗಣ್ಣ: ಹಾಗಿದ್ರೆ ಪ್ಲಾಸ್ಟಿಕ್ ಇರಲಿ. ಮ್ಯಾನುವಲ್ ತೆಗೆದು ಕಂಪನಿಯ ಟೋಯಿಂಗ್ ಹುಕ್ ಎಲ್ಲಿದೆ, ಯಾವುದಕ್ಕೆ ಆಗುತ್ತೆ ಅಂತ ಮೊದಲು ಓದು. ಮಿಕ್ಕ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸು.

ಸತೀಶ: ಮತ್ತೆ ಫೋಟೋಗೆ ರಫ್ ಲುಕ್ ಬೇಕಲ್ಲ?

ಗೌಡ್ರು: ಹಿಂದೆ ಎರಡು ಬಾಂಡ್ಲಿ ಕೆಸರು ಬಳ್ಕೊ ಮಾರಾಯ. ಅದಕ್ಕೆ 182ಎ ಇಲ್ಲ.

ರಂಗಣ್ಣ: ನಂಬರ್ ಪ್ಲೇಟ್ ಮಾತ್ರ ಬಿಟ್ಟು ಬಳ್ಕೊ.