ಹೊಸ ಬ್ಯಾಟರಿಯೂ ಡೌನ್ ಆಗ್ತಿದೆ, ಆಲ್ಟರ್ನೇಟರ್ ಬದಲಿಸೋ ಮುಂಚೆ ಏನೇನು ನೋಡಬೇಕು?

ಕೇಳಿದವರು: ಕಾರಿಗೆ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಎರಡು ದಿನ ನಿಲ್ಲಿಸಿದರೆ ಸೆಲ್ಫ್ ತಗೊಳ್ಳಲ್ಲ. ರಾತ್ರಿ ಓಡಿಸುವಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟು ಮಂಕಾಗಿ ಉರಿಯೋದು ಕಾಣುತ್ತೆ, ಹಗಲಲ್ಲಿ ಗೊತ್ತೇ ಆಗಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿದವರೇ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಹೋಗಿದೆ ಅಂದುಬಿಟ್ಟರು. ನನ್ನ ಹತ್ತಿರ ಸಾಧಾರಣ ಮಲ್ಟಿಮೀಟರ್ ಇದೆ. ಇಂಥದ್ದನ್ನು ಅನುಭವಿಸಿದವರು ದಾರಿ ಹೇಳಿ.

ಕಾರಿನವರು: ಮೊದಲು ಬ್ಯಾಟರಿ ಮೇಲೆ ಮೀಟರ್ ಇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಬಂದರೆ ಫುಲ್ ಚಾರ್ಜ್, 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ 13.8ರಿಂದ 14.5ರ ಒಳಗೆ ಇರಬೇಕು. ಏರದೇ ಇದ್ದರೆ ಚಾರ್ಜೇ ಆಗ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡೋ ರೆಗ್ಯುಲೇಟರ್ ಕೆಟ್ಟಿದೆ, ಹಾಗೇ ಓಡಿಸಿದರೆ ಹೊಸ ಬ್ಯಾಟರಿಯೂ ಕುದ್ದು ಹಾಳಾಗುತ್ತೆ. ಬೆಲ್ಟು ಸಡಿಲ ಇದೆಯಾ, ಟರ್ಮಿನಲ್ ಗಟ್ಟಿ ಕೂತಿದೆಯಾ ಅಂತಲೂ ನೋಡಿಬಿಡಿ.

ಆಟೋ ಎಲೆಕ್ಟ್ರಿಷಿಯನ್: ಮೇಲಿನವರು ಹೇಳಿದ್ದು ಸರಿ, ಆದರೆ ಈ ಕೇಸಲ್ಲಿ ನಿಜವಾದ ಸುಳಿವು ಆ ಮಂಕು ಲೈಟು. ಹಳೇ ಮಾದರಿಯ ವೈರಿಂಗಲ್ಲಿ ಆ ಬಲ್ಬಿನ ಒಂದು ತುದಿಗೆ ಇಗ್ನಿಷನ್ ಕಡೆಯಿಂದ ಕರೆಂಟ್ ಬರುತ್ತೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ ಹೋಗುತ್ತೆ. ಚಾರ್ಜಿಂಗ್ ಸರಿ ಇದ್ದಾಗ ಎರಡೂ ಕಡೆ ವೋಲ್ಟೇಜ್ ಒಂದೇ ಆಗಿ ಬಲ್ಬು ಆರುತ್ತೆ. ಪೂರ್ತಿ ಉರಿದರೆ ಚಾರ್ಜಿಂಗ್ ಇಲ್ಲ. ಮಂಕಾಗಿ ಉರಿದರೆ ಎರಡು ತುದಿಗಳ ನಡುವೆ ಸ್ವಲ್ಪ ವ್ಯತ್ಯಾಸ ಉಳಿದಿದೆ ಅಂತ: ದಾರಿಯಲ್ಲಿ ಎಲ್ಲೋ ಕನೆಕ್ಷನ್ ಕೆಟ್ಟಿರಬೇಕು, ಇಲ್ಲಾ ಆಲ್ಟರ್ನೇಟರ್ ಒಳಗಿನ ಡಯೋಡ್ (ಅದರ ಎಸಿಯನ್ನು ಡಿಸಿ ಮಾಡಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಭಾಗ) ಹೋಗಿರಬೇಕು.

ಕನೆಕ್ಷನ್ ನೋಡೋದು ಹೀಗೆ. ಎಂಜಿನ್ ಓಡ್ತಿರಲಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ. 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ತಪ್ಪು ವೈರಿನದ್ದು. ಹಾಗೇ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಇಟ್ಟು ನೋಡಿ, ಅಲ್ಲಿ 0.2 ದಾಟಬಾರದು. ಫ್ಯಾನು, ಬೆಲ್ಟಿನ ಹತ್ತಿರ ಕೈ ಹುಷಾರು. ಆಲ್ಟರ್ನೇಟರ್ ಬದಲಿಸಿದರೂ ಸರಿಹೋಗದ ಗಾಡಿಗಳು ನಮ್ಮಲ್ಲಿಗೆ ಬರ್ತಾನೇ ಇರುತ್ತವೆ. ಎಂಜಿನ್ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿದರೆ ಅಡಿಯಲ್ಲಿ ಬರೀ ತುಕ್ಕು.

ಇವೆರಡೂ ಸರಿ ಇದ್ದರೆ ನನ್ನ ಅನುಮಾನ ಡಯೋಡ್ ಮೇಲೆ. ಯಾಕಂದ್ರೆ ಲೈಟು ಮಂಕಾಗೋದು, ನಿಂತಲ್ಲೇ ಬ್ಯಾಟರಿ ಇಳಿಯೋದು, ಎರಡಕ್ಕೂ ಅದೊಂದೇ ಕಾರಣ ಆಗಬಹುದು. ಸೋರುವ ಡಯೋಡ್ ಮೂಲಕ ಬ್ಯಾಟರಿಯ ಕರೆಂಟ್ ವಾಪಸ್ ಆಲ್ಟರ್ನೇಟರ್ ಒಳಗೇ ಹರಿದುಹೋಗುತ್ತೆ. ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಡಿ. 0.1ರ ಆಸುಪಾಸು ಇದ್ದರೆ ಚಿಂತೆ ಇಲ್ಲ, 0.5 ದಾಟಿದರೆ ಡಯೋಡ್ ಕೆಟ್ಟಿದೆ ಅನ್ನಬಹುದು. ಅಗ್ಗದ ಕೆಲವು ಮೀಟರ್‌ಗಳು ಎಸಿ ರೇಂಜಲ್ಲೂ ಡಿಸಿಯನ್ನು ಎಣಿಸಿ ಸುಳ್ಳು ಹೇಳುತ್ತವೆ. ಎಂಜಿನ್ ಆಫ್ ಇದ್ದಾಗ ಸೊನ್ನೆ ಬರ್ತಿದೆಯಾ ನೋಡಿಯೇ ನಂಬಿ.

ಇನ್ನೊಬ್ಬರು: ಡಯೋಡ್ ಅಂತ ತೀರ್ಮಾನಿಸೋ ಮುಂಚೆ ನಿಂತ ಗಾಡಿ ಎಷ್ಟು ಕರೆಂಟ್ ಎಳೆಯುತ್ತೆ ಅಳೆದುಬಿಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪ್ ತೂತಿಗೆ ಹಾಕಿ ನಡುವೆ ಸೇರಿಸಿ. ಆಮೇಲೆ ಇಗ್ನಿಷನ್ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ. ಡೋರ್ ಹಾಕಿ, ಕೀಲೆಸ್ ಆದರೆ ಕೀ ದೂರ ಇಟ್ಟು ಅರ್ಧ ಗಂಟೆ ಬಿಡಿ, ಕಂಪ್ಯೂಟರ್‌ಗಳೆಲ್ಲ ನಿದ್ದೆಗೆ ಹೋಗಬೇಕು. 50 ಮಿಲಿಆಂಪ್ ಒಳಗಿದ್ದರೆ ಸರಿ. ಅರ್ಧ ಆಂಪ್ ಎಳೆದರೆ ದಿನಕ್ಕೆ 12 ಆಂಪ್-ಅವರ್ ಹೋಯ್ತು. 45 ಆಂಪ್-ಅವರ್ ಬ್ಯಾಟರಿ ಎರಡು ದಿನಕ್ಕೇ ಅರ್ಧಕ್ಕಿಳಿಯುತ್ತೆ. ನನ್ನ ಗಾಡಿಯಲ್ಲಿ ಕಳ್ಳ ಸಿಕ್ಕಿದ್ದು ಡಿಕ್ಕಿ ಲೈಟಿನ ಸ್ವಿಚ್ಚಲ್ಲಿ. ಫ್ಯೂಸ್ ಒಂದೊಂದೇ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ ಮಾಡ್ಯೂಲ್ ಮತ್ತೆ ಎದ್ದು ಲೆಕ್ಕ ತಪ್ಪುತ್ತೆ. ಫ್ಯೂಸಿನ ತಲೆಯ ಮೇಲಿರುವ ಎರಡು ಚುಕ್ಕಿಗಳಿಗೆ ಮಿಲಿವೋಲ್ಟ್ ರೇಂಜಲ್ಲಿ ಮೀಟರ್ ತಾಗಿಸಿ, ಏನಾದರೂ ತೋರಿಸಿದ ಫ್ಯೂಸಲ್ಲಿ ಕರೆಂಟ್ ಹರಿಯುತ್ತಿದೆ.

ಹೊಸ ಕಾರಿನವರು: ಒಂದು ಮಾತು. ಈಚಿನ ಗಾಡಿಗಳಲ್ಲಿ ಚಾರ್ಜಿಂಗ್ ಎಷ್ಟಿರಬೇಕು ಅಂತ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ತೀರ್ಮಾನಿಸುತ್ತೆ. ಬ್ಯಾಟರಿ ತುಂಬಿದ್ದರೆ 12.8ಕ್ಕೂ ಇಳಿಸಿಬಿಡುತ್ತೆ, ಅದು ಕೆಟ್ಟದ್ದಲ್ಲ. ಮೈನಸ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇದ್ದರೆ ನಿಮ್ಮದೂ ಆ ಜಾತಿ ಇರಬಹುದು. ಅಂಥದ್ದರಲ್ಲಿ ಲೈಟನ್ನೂ ಕಂಪ್ಯೂಟರೇ ಉರಿಸೋದರಿಂದ ಮಂಕು ಬಲ್ಬಿನ ಲೆಕ್ಕ ನಡೆಯಲ್ಲ.

ಕೇಳಿದವರು: ಗಾಡಿ ಹಳೇದು, ಸೆನ್ಸರ್ ಇಲ್ಲ. ವೈರು, ಅರ್ತ್ ಎರಡೂ 0.1 ಒಳಗೇ. ನಿಂತಾಗ 0.4 ಆಂಪ್ ಎಳೆಯುತ್ತೆ, ಯಾವ ಫ್ಯೂಸಲ್ಲೂ ಏನೂ ತೋರಿಸ್ತಿಲ್ಲ. ಎಸಿ ರೇಂಜಲ್ಲಿ 0.7. ಎಂಜಿನ್ ಆಫ್ ಮಾಡಿದರೆ ಸೊನ್ನೆ.

ಆಟೋ ಎಲೆಕ್ಟ್ರಿಷಿಯನ್: ಇನ್ನೊಂದೇ ಕೆಲಸ. ಬ್ಯಾಟರಿ ಮೈನಸ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರನ್ನೂ ಬಿಚ್ಚಿ ಟೇಪ್ ಸುತ್ತಿ, ಮತ್ತೆ ಅದೇ ರೀತಿ ಕರೆಂಟ್ ಅಳೆಯಿರಿ. 0.4 ಮಾಯವಾದರೆ ಡಯೋಡೇ. ಹಾಗಂತ ಇಡೀ ಆಲ್ಟರ್ನೇಟರ್ ಬದಲಿಸಬೇಕಿಲ್ಲ, ಬಹಳಷ್ಟು ಮಾದರಿಗಳಿಗೆ ಡಯೋಡ್ ಪ್ಲೇಟ್ ಬೇರೆಯಾಗಿ ಸಿಗುತ್ತೆ. ಬಿಚ್ಚಿದಾಗ ಕಾರ್ಬನ್ ಬ್ರಷ್, ಬೇರಿಂಗ್ ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಪರೀಕ್ಷೆ ಮಾಡ್ತೀನಿ ಅನ್ನೋರಿಗೆ ಮಾತ್ರ ಗಾಡಿ ಕೊಡಬೇಡಿ. ಆ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟ್ ಜಿಗಿದು ಇಸಿಯುವನ್ನೇ ಸುಡಬಹುದು. ಡೌನ್ ಆದ ಬ್ಯಾಟರಿಯನ್ನು ಹೊರಗಿನ ಚಾರ್ಜರಲ್ಲಿ ತುಂಬಿಸಿಯೇ ಕೂರಿಸಿ, ಹೊಸ ಡಯೋಡ್ ಮೇಲೆ ಮೊದಲ ದಿನವೇ ಆ ಭಾರ ಬೇಡ.