ಚಿಕ್ಕಪ್ಪ ಕೇಳಿದ್ದಕ್ಕೆ: ಕ್ರ್ಯಾಶ್ ಬೇರೆ, ಕರಡಿ ಮಾರುಕಟ್ಟೆ ಬೇರೆ

ಚಿಕ್ಕಪ್ಪ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. "ಕ್ರ್ಯಾಶ್ ಅಂದರೂ ಕರಡಿ ಮಾರುಕಟ್ಟೆ ಅಂದರೂ ಬೀಳೋದು ಬೀಳೋದೇ ಅಲ್ವಾ, ಇದ್ದದ್ದೆಲ್ಲ ಮಾರಿಬಿಡಲಾ?" ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತು ಏನೂ ಮಾರಬೇಡಿ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಪೂರ್ತಿ ಕೇಳಿ.

ಎರಡರಲ್ಲೂ ಷೇರುಪೇಟೆ ಬೀಳುವುದೇ, ನಿಜ. ಆದರೆ ಕ್ರ್ಯಾಶ್ ಅಂದರೆ ಆಲಿಕಲ್ಲು ಮಳೆ. ಒಂದು ದಿನ, ಎರಡು ದಿನದಲ್ಲಿ ಎಲ್ಲ ನೆಲಕಚ್ಚುತ್ತದೆ. ಇಷ್ಟೇ ಬೀಳಬೇಕು ಅನ್ನುವ ಲೆಕ್ಕ ಅದಕ್ಕಿಲ್ಲ. ಕರಡಿ ಮಾರುಕಟ್ಟೆ ಬರಗಾಲದ ಹಾಗೆ. ಹಿಂದಿನ ಎತ್ತರದಿಂದ ಶೇ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಆ ಹೆಸರು ಕೊಡುತ್ತಾರೆ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಎಳೆಯುತ್ತದೆ.

2020ರ ಮಾರ್ಚ್ 23 ನೆನಪಿದೆಯಾ? ಕೊರೊನಾ ಭಯಕ್ಕೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿತ್ತು, ಶೇ 13. ಬೆಳಿಗ್ಗೆ ಶೇ 10 ಬಿದ್ದ ತಕ್ಷಣ 45 ನಿಮಿಷ ವಹಿವಾಟನ್ನೇ ನಿಲ್ಲಿಸಿದ್ದರು. ಜನವರಿಯಲ್ಲಿ 42,000 ದಾಟಿದ್ದದ್ದು ಅವತ್ತು 26,000ಕ್ಕಿಂತ ಕೆಳಗೆ. ಶೇ 20ರ ಲೆಕ್ಕ ಹಿಡಿದರೆ ಅದೂ ಕರಡಿಯೇ. ಆದರೆ ನವೆಂಬರ್‌ಗೆಲ್ಲ ಮತ್ತೆ 42,000 ದಾಟಿತ್ತು. ಅವತ್ತು ಹೆದರಿ ಮಾರಿದವರಿಗೇ ಪೆಟ್ಟು ಜಾಸ್ತಿ.

2008ರದ್ದು ಹಾಗಲ್ಲ. ಅಪ್ಪನ ಕಥೆ ನಿಮಗೂ ಗೊತ್ತು, ಆದರೆ ಮಕ್ಕಳಿಗೆ ಗೊತ್ತಿಲ್ಲ, ಅವರೂ ಕೇಳಲಿ. ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. 21ನೇ ತಾರೀಕು 1,408 ಅಂಶ ಬಿತ್ತು. ಮಾರನೇ ದಿನ ಬೆಳಿಗ್ಗೆ ವಹಿವಾಟು ನಿಂತಿತು. ಅದು ಕ್ರ್ಯಾಶ್. ಅಪ್ಪ ಅದನ್ನು ತಡೆದುಕೊಂಡರು, ಒಂದು ಷೇರೂ ಮಾರಲಿಲ್ಲ. ಮಾರ್ಚ್‌ನಲ್ಲಿ 15,000ಕ್ಕಿಂತ ಕೆಳಗಿದ್ದದ್ದು ಮೇ ಹೊತ್ತಿಗೆ 17,000 ದಾಟಿತು. "ಮುಗೀತು, ಇನ್ನು ಮೇಲೆ ಹೋಗೋದೇ" ಅಂತ ಇನ್ನಷ್ಟು ದುಡ್ಡು ಹಾಕಿದರು. ಎರಡು ಹನಿ ಬಿದ್ದದ್ದು ನೋಡಿ ಬಿತ್ತಿದ ಹಾಗೆ. ಆಮೇಲೆ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಅಕ್ಟೋಬರ್‌ನಲ್ಲಿ ಸೆನ್ಸೆಕ್ಸ್ ಒಂದು ಹಂತದಲ್ಲಿ 8,000ಕ್ಕಿಂತಲೂ ಕೆಳಗೆ ಹೋಯಿತು. 2009ರ ಮಾರ್ಚ್‌ವರೆಗೂ ಅದೇ ಗೋಳು. ಕೊನೆಗೆ ಅಪ್ಪ ಸೋತು ಎಲ್ಲ ಮಾರಿದ್ದು ಆ ಮಾರ್ಚ್‌ನಲ್ಲೇ. ಎರಡು ತಿಂಗಳು ಕಳೆದಿರಲಿಲ್ಲ, ಚುನಾವಣಾ ಫಲಿತಾಂಶ ಬಂದ ಮೇಲೆ ಮೇ 18ಕ್ಕೆ ಒಂದೇ ದಿನ 2,110 ಅಂಶ ಏರಿತು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಅಮ್ಮ ಇವತ್ತಿಗೂ ಹೇಳುತ್ತಾರೆ.

ಅಪ್ಪನನ್ನು ಸೋಲಿಸಿದ್ದು ಜನವರಿಯ ಆ ಎರಡು ದಿನ ಅಲ್ಲ, ಚಿಕ್ಕಪ್ಪ. ಆಮೇಲಿನ ಹದಿನಾಲ್ಕು ತಿಂಗಳು. ಬೀಳುವ ದಿನ ಇದು ಬರೀ ಕ್ರ್ಯಾಶೋ, ಕರಡಿ ಮಾರುಕಟ್ಟೆಯೋ ಅಂತ ಯಾರಿಗೂ ಹೇಳಲು ಆಗುವುದಿಲ್ಲ, ಟಿವಿಯವರಿಗೂ ಅಷ್ಟೇ. ಅದಕ್ಕೇ ನಾನು ಕೇಳುವುದು ಬೇರೆ ಪ್ರಶ್ನೆ: ಈ ದುಡ್ಡು ನಿಮಗೆ ಯಾವಾಗ ಬೇಕು? ಹತ್ತು ವರ್ಷ ಮುಟ್ಟದ ದುಡ್ಡಾದರೆ ಸುಮ್ನೆ ಬಿಡಿ, ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು, ಎಸ್‌ಐಪಿಯೂ ನಡೆಯಲಿ. ಆದರೆ ಮುಂದಿನ ವರ್ಷ ಪುಟ್ಟಿ ಮದುವೆಗೆ ಅಂತ ಇಟ್ಟದ್ದೂ ಅದರಲ್ಲೇ ಸೇರಿದೆಯಾ? ಸೇರಿದ್ದರೆ ಆ ಭಾಗ ಮಾತ್ರ ಷೇರಿನಲ್ಲಿ ಇರಬಾರದು. 2008ರ ಎತ್ತರಕ್ಕೆ ಸೆನ್ಸೆಕ್ಸ್ ಹತ್ತಿರ ಬಂದದ್ದು 2010ರ ನವೆಂಬರ್‌ನಲ್ಲಿ. ಮದುವೆ ಮುಹೂರ್ತ ಅಷ್ಟು ದಿನ ಕಾಯುತ್ತದಾ?

ಭಾನುವಾರ ಮಧ್ಯಾಹ್ನ ಮನೆಗೆ ಬರುತ್ತೇನೆ. ಫಂಡಿನ ಕಾಗದ, ಬ್ಯಾಂಕ್ ಪಾಸ್‌ಬುಕ್ ಎಲ್ಲ ತೆಗೆದಿಟ್ಟಿರಿ, ಚಿಕ್ಕಮ್ಮನೂ ಜೊತೆಗೆ ಕೂರಲಿ. ಮದುವೆ ದುಡ್ಡು ಎಷ್ಟು, ಉಳಿದದ್ದು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳೋಣ.